ಬಡಿದು ನೋಡುವ ಭಾವ

ನಮ್ಮ ಭಾವನವರನ್ನು ನಾಸ್ತಿಕರೆಂದು ಕರೆಯಲು ನನಗೆ ಮನಸ್ಸಿಲ್ಲ. ದೇವರಿಲ್ಲವೆಂದು ಅವರು ಯಾವತ್ತೂ ಹೇಳಿದವರಲ್ಲ. ಆದರೆ ಸಾಕ್ಷಾತ್ ದೇವರೇ ಎದುರಿಗೆ ಬಂದು ನಿಂತರೂ ಮೊದಲು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಒಂದೇಟು ಬಡಿದು, ತಲೆ ವಾರೆ ಮಾಡಿ ಕೇಳಿ, "ಸರಿ ಉಂಟು" ಎಂದ ಮೇಲೆಯೇ ಕೈಮುಗಿಯುವವರು! ಬಡಿಯದೆ ಯಾವುದನ್ನೂ ನಂಬಬಾರದು ಎನ್ನುವುದು ಅವರ ಸಿದ್ಧಾಂತ. ಹಾಗೆ ಬಡಿಸಿಕೊಳ್ಳದೆ ಉಳಿದ ವಸ್ತು ನಮ್ಮ ಮನೆಯಲ್ಲಿ ಯಾವುದೂ ಇಲ್ಲ.

ಭಾವ ಎಂದರೆ ನನ್ನ ಗಂಡನ ಅಣ್ಣ. ಉಡುಪಿಯ ಕಡೆಯಿಂದ ಮುಂಬಯಿಗೆ ಬಂದ ಅವರ ಓರಗೆಯವರೆಲ್ಲ ಹೋಟೆಲುಗಳ ಗಲ್ಲಾದಲ್ಲಿ ಕೂತರೆ, ಇವರು ಮಾತ್ರ ಕಳವಾ ಎಂಬಲ್ಲಿನ ರೈಲ್ವೆ ಕಾರ್‌ಶೆಡ್ ಸೇರಿ ಲೋಕಲ್ ರೈಲುಗಳ ಹೊಟ್ಟೆಯ ಕೆಳಗೆ ತೂರಿದರು. ಗಾಲಿ, ಸ್ಪ್ರಿಂಗು, ನಟ್ಟು, ಬೋಲ್ಟು ಎಲ್ಲವನ್ನೂ ಬಡಿದು ಸದ್ದು ಕೇಳಿ, ಇದು ಓಡಬಹುದು, ಇದು ಬೇಡ ಎಂದು ಹೇಳುವುದು ಅವರ ಕೆಲಸ. ಗಟ್ಟಿಯಾಗಿರುವ ಕಬ್ಬಿಣ 'ಟಣ್' ಎನ್ನುತ್ತದೆ. ಒಳಗೆ ಬಿರುಕು ಬಿಟ್ಟಿದ್ದರೆ, ಹಿಡಿತ ಸಡಿಲವಾಗಿದ್ದರೆ 'ದಬ್' ಎನ್ನುತ್ತದೆ. ಇಷ್ಟೇ ವಿದ್ಯೆ. ಈ ಇಷ್ಟೇ ವಿದ್ಯೆಯ ಮೇಲೆ ಮೂವತ್ತು ವರ್ಷ ಲಕ್ಷಾಂತರ ಜನ ಬಾಗಿಲಲ್ಲಿ ನೇತಾಡುತ್ತ ಆಫೀಸಿಗೆ ಹೋಗಿ ಬಂದಿದ್ದಾರೆ. "ಕಬ್ಬಿಣ ಸುಳ್ಳು ಹೇಳುದಿಲ್ಲ ಮಾರಾಯ್ತಿ. ಕೇಳುವ ಕಿವಿ ಬೇಕು ಅಷ್ಟೆ" ಎಂದು ಭಾವ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಮೈಸೂರಿನ ನಮ್ಮ ಮನೆಯಲ್ಲಿ, ನನ್ನನ್ನು ನೋಡಲು ಬಂದ ದಿನ. ಜನ ಮೊಬೈಲಿನಲ್ಲಿ ಇನ್ನೂ ಹಾವಿನ ಆಟ ಆಡುತ್ತಿದ್ದ ಕಾಲ. ಹುಡುಗ ಬೆವರೊರೆಸಿಕೊಳ್ಳುತ್ತ ಕುರ್ಚಿಯ ತುದಿಯಲ್ಲಿ ಕೂತಿದ್ದ. ಹುಡುಗನ ಅಣ್ಣನಿಗೆ ನಮ್ಮಪ್ಪ ಬಹಳ ಮರ್ಯಾದೆಯಿಂದ ಹಜಾರದ ಉಯ್ಯಾಲೆ ತೋರಿಸಿ ಕೂರಿ ಎಂದರು. ಅವರು ಕೂರಲಿಲ್ಲ! ಜೇಬಿನಿಂದ ನಟ್ಟು ತಿರುಗಿಸುವ ಒಂದು ಪಾನಾ ತೆಗೆದು ನಾಲ್ಕೂ ಸರಪಳಿಗಳನ್ನು ಒಂದೊಂದಾಗಿ ಬಡಿದರು. ಮೂರಕ್ಕೆ ತಲೆಯಾಡಿಸಿದರು. ನಾಲ್ಕನೆಯದಕ್ಕೆ ಕಿವಿ ಹಚ್ಚಿ, "ಇದರ ಮೇಲಿನ ಕೊಂಡಿ ಸರಿ ಇಲ್ಲ. ಬೀಗರಾಗುವವರಿಗೆ ಹೇಳದೆ ಇರ್ಲಿಕ್ಕೆ ಆಗುದಿಲ್ಲ ನೋಡಿ" ಎಂದರು. ಅಪ್ಪನ ಮುಖ ಕೆಂಪಗಾಯಿತು. ಅವರು ಅತ್ತ ಹೋದ ಕೂಡಲೇ, "ಇವರು ಹೆಣ್ಣು ನೋಡೋಕೆ ಬಂದೋರೋ, ಗುಜರಿ ವ್ಯಾಪಾರಕ್ಕೆ ಬಂದೋರೋ?" ಎಂದು ಮನೆ ಹಾರಿಹೋಗುವಂತೆ ಕೂಗಾಡಿದರು. ಕೂಗಾಡಿದವರು ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಏಣಿ ಹಾಕಿ ಹತ್ತಿ ನೋಡಿದ್ದಾರೆ. ತೊಲೆಯ ಕೊಂಡಿ ಸವೆದು ಕಡ್ಡಿಯಷ್ಟು ಉಳಿದಿತ್ತು. ಅವತ್ತು ಸಂಜೆ ಅಮ್ಮನಿಗೆ, "ಆ ಮನೆಗೆ ಹೆಣ್ಣು ಕೊಡಬಹುದು ಕಣೇ" ಎಂದರು. ಜಾತಕ ಕೂಡಿಸಿದವರು ತಮ್ಮಿಂದಲೇ ಆಯಿತೆಂದು ತಿಳಿದುಕೊಂಡಿದ್ದಾರೆ, ಇರಲಿ.

ಮದುವೆಯಾಗಿ ಬಂದ ಹೊಸತರಲ್ಲಿ ಈ ಕತೆಯನ್ನು ಅಕ್ಕನಿಗೆ, ಅಂದರೆ ಭಾವನ ಹೆಂಡತಿಗೆ, ಹೇಳಿದೆ. ಅಕ್ಕ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲೂ ಇಲ್ಲ. "ನಿನ್ನದು ಉಯ್ಯಾಲೆ ಅಲ್ವಾ? ನನ್ನ ಮದುವೆಯಲ್ಲಿ ಕೈಯಲ್ಲಿ ತಾಳಿ ಹಿಡ್ಕೊಂಡು ಮಂಟಪದ ಕಂಬ ಬಡಿದ ಜನ ಇವರು. ಭಟ್ರು ಗಟ್ಟಿಮೇಳ ಅಂತಾರೆ, ಇವರು ಒಂದು ನಿಮಿಷ ವಾಲಗ ನಿಲ್ಲಿಸಿ, ಸದ್ದು ಕೇಳುದಿಲ್ಲ ಅಂತಾರೆ!"

ಮುಂಬಯಿಯಾಚೆ ಕಲ್ಯಾಣದ ಹತ್ತಿರದ ಠಾಕುರ್ಲಿಯಲ್ಲಿ, ನಾಲ್ಕನೇ ಮಹಡಿಯ ಮನೆಯಲ್ಲಿ ನಾವೆಲ್ಲ ಒಟ್ಟಿಗೇ ಇದ್ದೆವು. ಭಾವ, ಅಕ್ಕ, ನಾವಿಬ್ಬರು, ಆಮೇಲೆ ನಮ್ಮ ಮಗಳು. ನಾನು ಹೊರಗಿನ ಕೋಣೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೆ. ಭಾವನಿಗೆ ರಾಗ ತಾಳ ಯಾವುದೂ ಗೊತ್ತಿಲ್ಲ. ಆದರೆ ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಲೇ, "ಆ ಮೂರನೇ ಹುಡುಗಿ ದಬ್ ಅಂತಾಳೆ, ನೋಡು" ಎಂದು ಕೂಗಿ ಹೇಳುತ್ತಿದ್ದರು. ಮಕ್ಕಳೆದುರು ನನಗೆ ಉರಿದುಹೋಗುತ್ತಿತ್ತು. ಇನ್ನೂ ಉರಿಯುತ್ತಿದ್ದದ್ದು ಯಾಕೆಂದರೆ, ಮೂರನೇ ಹುಡುಗಿಯ ಶ್ರುತಿ ನಿಜಕ್ಕೂ ಇಳಿದಿರುತ್ತಿತ್ತು.

ಇಂಥವರಿಗೆ ಬೆಟ್ಟದ ಹುಚ್ಚು ಹಿಡಿದದ್ದು ಹೇಗೆ? ಬೆಟ್ಟದಿಂದಲ್ಲ, ಕಬ್ಬಿಣದಿಂದಲೇ! ನಮ್ಮ ಟೆರೇಸಿನ ಮೇಲೆ ನಿಂತರೆ ಮಲಂಗಗಡ ಎಂಬ ಬೆಟ್ಟದ ಕೋಟೆ ಕಾಣುತ್ತದೆ. ಅದರ ಹಿಂದೆ, ಮುಂದೆ, ಕಲ್ಯಾಣದಿಂದ ಕರ್ಜತ್‌ವರೆಗೆ, ಕಸಾರಾವರೆಗೆ ಇಂಥ ಕೋಟೆಗಳು ಬೇಕಾದಷ್ಟಿವೆ. ಹಳೇ ಕಾಲದ ಕಲ್ಲಿನ ಮೆಟ್ಟಿಲುಗಳು ಎಷ್ಟೋ ಕಡೆ ಒಡೆದುಹೋಗಿವೆ. ಅಲ್ಲೆಲ್ಲ ಯಾರೋ ಪುಣ್ಯಾತ್ಮರು ಬಂಡೆಗೆ ತೂತು ಕೊರೆದು ಕಬ್ಬಿಣದ ಗೂಟ ಹೊಡೆದು, ಏಣಿ ನಿಲ್ಲಿಸಿ, ಸರಪಳಿ ಬಿಟ್ಟಿರುತ್ತಾರೆ. ಅದನ್ನೇ ಹಿಡಿದು ಹತ್ತಬೇಕು. ಶೆಡ್ಡಿನ ಗೆಳೆಯರ ಜೊತೆ ಒಮ್ಮೆ ಅಂಥ ಕೋಟೆಗೆ ಹೋದ ಭಾವ, ಎಲ್ಲರೂ ಮೇಲೆ ಹೋಗಿ ದೃಶ್ಯ ನೋಡುತ್ತಿದ್ದರೆ, ಕೆಳಗೆ ಏಣಿಯನ್ನು ಬಡಿಯುತ್ತ ನಿಂತುಬಿಟ್ಟರಂತೆ. "ನಾಲ್ಕು ತಿಂಗಳು ಈ ಮಳೆ ತಿಂದ ಕಬ್ಬಿಣ. ಯಾರು ಬಡಿದು ನೋಡಿದ್ದಾರೆ? ಯಾರೂ ಇಲ್ಲ. ನಂಬಿ ಹತ್ತುದಾ? ಎಂತ ಜನ!" ಅಂದಿನಿಂದ ಮಳೆ ನಿಂತ ಮೇಲಿನ ಭಾನುವಾರಗಳೆಲ್ಲ ಕೋಟೆಗಳಿಗೆ ಮೀಸಲಾದವು.

ಒಬ್ಬರೇ ಹೋಗುತ್ತಿದ್ದವರ ಹಿಂದೆ ಮೆಲ್ಲಗೆ ಒಂದು ತಂಡ ಹುಟ್ಟಿಕೊಂಡಿತು. ಪಕ್ಕದ ಡೊಂಬಿವಲಿಯ ಕನ್ನಡಿಗರೇ ಹೆಚ್ಚು. ಹುಬ್ಬಳ್ಳಿಯ ಬ್ಯಾಂಕಿನವರೊಬ್ಬರು, ಸಾನಪಾಡಾದಲ್ಲಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ, ಹೀಗೆ ಇಪ್ಪತ್ತು ಜನ. ನನ್ನನ್ನೂ ಎಳೆದುಕೊಂಡರು. ಬೆಟ್ಟ ಹತ್ತಿ ಗೊತ್ತಿಲ್ಲ ಎಂದರೆ ಭಾವ, "ಬೆಳಿಗ್ಗೆ ಡೊಂಬಿವಲಿಯಲ್ಲಿ ಲೇಡೀಸ್ ಡಬ್ಬಿ ಹತ್ತಿ ಇಳಿದವಳಿಗೆ ಬೆಟ್ಟ ಎಂತ ಲೆಕ್ಕ?" ಎಂದರು. ಮಾತು ಸುಳ್ಳಲ್ಲ. ಒಂದು ಕಾಲು ಊರಲು ಮಾತ್ರ ಜಾಗ ಸಿಕ್ಕಾಗ ಇನ್ನೊಂದು ಕಾಲನ್ನು ಏನು ಮಾಡಬೇಕೆಂದು ನಮ್ಮ ಕಡೆಯ ಹೆಂಗಸರಿಗೆ ಯಾವ ಪರ್ವತಾರೋಹಿಯೂ ಕಲಿಸಬೇಕಾಗಿಲ್ಲ.

ಒಮ್ಮೆ ಕಲ್ಯಾಣ ಸ್ಟೇಷನ್ನಿನಲ್ಲಿ ಪೊಲೀಸಿನವನು ಚೀಲ ತಪಾಸಣೆ ಮಾಡುತ್ತ ಭಾವನ ಸುತ್ತಿಗೆಯನ್ನು ಹೊರಗೆಳೆದ. "ಯೇ ಲೇಕೆ ಕಿಸ್‌ಕೋ ಮಾರ್‌ನೇ ಜಾ ರಹೇ ಹೋ ಅಂಕಲ್?" ಇದರಿಂದ ಯಾರನ್ನು ಹೊಡೆಯಲು ಹೊರಟಿದ್ದೀರಿ ಎಂದು. ಭಾವ ಬಹಳ ಗಂಭೀರವಾಗಿ, "ಪಹಾಡ್ ಕೋ" ಎಂದರು, ಬೆಟ್ಟವನ್ನು! ಅವನು ನಮ್ಮನ್ನೆಲ್ಲ ಒಂದು ಸಲ ನೋಡಿ, ಇವರಿಗೆ ಇವರ ಕಷ್ಟವೇ ಸಾಕೆಂದು ತೋರಿತೋ ಏನೋ, ಬಿಟ್ಟುಬಿಟ್ಟ.

ಬೆಟ್ಟದಲ್ಲಿ ಭಾವನದೇ ಒಂದು ಕ್ರಮ. ಗೂಟಗಳ ದಾರಿ ಬಂದಾಗ ಎಲ್ಲರಿಗಿಂತ ಹಗುರವಾದವರು ಮೊದಲು ಹತ್ತಬೇಕು. ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಕೆಳಗೆ ಭಾವನ ಕೈಯಲ್ಲಿ. ಹತ್ತುವವರ ಸೊಂಟದ ಪಟ್ಟಿಗೆ ಎರಡು ಕೊಕ್ಕೆ. ಒಂದನ್ನು ಮೇಲಿನ ಗೂಟಕ್ಕೆ ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಡಿಸಬೇಕು. ಇಷ್ಟು ಎಲ್ಲ ಕಡೆಯೂ ಇರುವ ಕ್ರಮವೇ. ಭಾವ ಸೇರಿಸಿದ್ದು ಸುತ್ತಿಗೆ. ಹತ್ತುವವರು ಮುಂದಿನ ಗೂಟವನ್ನು ಬಡಿಯಬೇಕು. ಕೆಳಗಿನ ಇಪ್ಪತ್ತು ಜನ ಉಸಿರು ಬಿಗಿಹಿಡಿದು ಸುಮ್ಮನಿರಬೇಕು. ಭಾವ ಕೇಳಿ, "ಸರಿ ಉಂಟು, ಹತ್ತು" ಎಂದ ಮೇಲೆ ಹತ್ತಬೇಕು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ! ಹುಬ್ಬಳ್ಳಿಯವರು ಒಮ್ಮೆ ತಡೆಯಲಾರದೆ, "ಏನ್ರೀ ಕಾಕಾ, ಗುಡ್ಡಾ ಹತ್ತಾಕ ಬಂದೀವೋ, ಗುಡಿಯಾಗ ಗಂಟಿ ಬಾರ್ಸಾಕ ಬಂದೀವೋ?" ಎಂದರು. ಭಾವ ಅವರನ್ನು ಕೊನೆಯವರಾಗಿ ಹತ್ತಿಸಿದರು. ಆಮೇಲೆ ಬಹಳ ದಿನ ಯಾರೂ ಬಾಯಿ ಬಿಡಲಿಲ್ಲ.

ಸಾನಪಾಡಾದ ಹುಡುಗ ಕಂಪನಿಯ ಕೆಲಸಕ್ಕೆಂದು ಯುರೋಪಿಗೆ ಹೋಗಿ ಬಂದವನು, ಇಟಲಿಯ ಬೆಟ್ಟಗಳ ಫೋಟೋ ಮೊಬೈಲಿನಲ್ಲಿ ತೋರಿಸಿದ. ಬಂಡೆಯುದ್ದಕ್ಕೂ ಉಕ್ಕಿನ ತಂತಿ, ಕಬ್ಬಿಣದ ಮೆಟ್ಟಿಲು, ಬಣ್ಣಬಣ್ಣದ ಟೋಪಿ ಹಾಕಿಕೊಂಡ ಜನ. "ಇದಕ್ಕೆ ವಿಯಾ ಫೆರಾಟಾ ಅಂತಾರೆ ಅಂಕಲ್, ಅಂದ್ರೆ ಕಬ್ಬಿಣದ ದಾರಿ. ಅಲ್ಲಿ ಯಾರೂ ಬಡಿದು ನೋಡಲ್ಲ." ಭಾವ ಕನ್ನಡಕ ಏರಿಸಿ ಒಂದೊಂದು ಫೋಟೋವನ್ನೂ ದೊಡ್ಡದು ಮಾಡಿ ನೋಡಿದರು. "ಚಂದ ಉಂಟು. ಆದರೆ ಫೋಟೋ ಬಡಿಲಿಕ್ಕೆ ಆಗುದಿಲ್ಲ ಅಲ್ವಾ? ಹೋದಾಗ ನೋಡುವ" ಎಂದು ಮೊಬೈಲು ವಾಪಸು ಕೊಟ್ಟರು. ಇಟಲಿಗೂ ಅವರ ಪರೀಕ್ಷೆಯಿಂದ ವಿನಾಯಿತಿ ಇರಲಿಲ್ಲ.

ಮೊದಮೊದಲು ಭಾವನೇ ಹಗುರವಾಗಿದ್ದರು, ಹಗ್ಗವನ್ನು ಬೇರೆಯವರಿಗೆ ಕೊಟ್ಟು ಅವರೇ ಬಡಿದು ಮೊದಲು ಹತ್ತುತ್ತಿದ್ದರು. ಮಂಡಿ ನೋವು ಬಂದ ಮೇಲೆ ಆ ಜಾಗಕ್ಕೆ ನನ್ನ ಮಗಳು ಬಂದಳು. ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ, ಅವಳಪ್ಪ ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅವಳ ಬಾಯಲ್ಲಿ ತಪ್ಪದೆ ಬರುತ್ತಿದ್ದ ಕನ್ನಡದ ಪದ ಒಂದೇ, ದೊಡ್ಡಪ್ಪ. ಹದಿಮೂರು ತುಂಬುವ ಹೊತ್ತಿಗೆ ಹಲ್ಲಿಯ ಹಾಗೆ ಬಂಡೆ ಹತ್ತುತ್ತಿದ್ದಳು. ನನಗೆ ಹೆದರಿಕೆಯಾಗುತ್ತಿರಲಿಲ್ಲವೇ? ಖಂಡಿತ ಆಗುತ್ತಿತ್ತು. ಆದರೆ ಕೆಳಗೆ ಭಾವನ ಕಿವಿ ಇತ್ತು. ಆ ಕಿವಿ ಒಂದು ಸಲವೂ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಆ ವರ್ಷಗಳಲ್ಲೇ ಭಾವ ಬದಲಾದರು. ನನ್ನ ಸಂಗೀತದ ಮಕ್ಕಳ ಬಗ್ಗೆ ಕೂಗಿ ಹೇಳುವುದನ್ನು ನಿಲ್ಲಿಸಿದರು. ಒಂದು ದಿನವಂತೂ, "ಈಗ ನಿನ್ನ ಮಕ್ಕಳು ಒಳ್ಳೆ ಹಾಡ್ತಾರೆ, ಒಬ್ಬರೂ ದಬ್ ಅನ್ನುದಿಲ್ಲ" ಎಂದರು. ಹದಿನಾಲ್ಕು ವರ್ಷದಲ್ಲಿ ಮೊದಲ ಹೊಗಳಿಕೆ! ನಾನು ಉಬ್ಬಿಹೋದೆ. ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅದೇ ವಾರ ಅಕ್ಕ ಮೂರು ಸೀಟಿ ಆದ ಮೇಲೆ ಕುಕ್ಕರ್ ಇಳಿಸಿ ಎಂದು ಹೇಳಿ ತರಕಾರಿಗೆ ಹೋದರೆ, ಭಾವ ಪಕ್ಕದಲ್ಲೇ ಪೇಪರ್ ಓದುತ್ತ ಬೇಳೆಯನ್ನು ಇದ್ದಿಲು ಮಾಡಿದ್ದರು. ವಯಸ್ಸಾಯಿತು, ಮರೆವು ಎಂದು ಎಲ್ಲರೂ ನಕ್ಕೆವು. ಬೆಟ್ಟಕ್ಕೆ ಹೋದಾಗ ನನ್ನನ್ನು ತಮ್ಮ ಮಗ್ಗುಲಲ್ಲೇ ನಿಲ್ಲಿಸಿಕೊಳ್ಳಲು ಶುರುಮಾಡಿದ್ದೂ ಆಗಲೇ. "ನೀನು ಇಲ್ಲಿ ಬಾ, ಇತ್ತ ಮುಖ ಮಾಡಿ ನಿಲ್ಲು." ತಾಯಿ ಹೆದರಿಕೊಂಡಾಳೆಂದು ಹತ್ತಿರ ಕರೆಯುತ್ತಾರೆ ಎಂದುಕೊಂಡು ಕೃತಜ್ಞಳಾಗಿ ನಿಲ್ಲುತ್ತಿದ್ದೆ. ಎಂಥ ದಡ್ಡಿ ನಾನು!

ಆ ಕೋಟೆಯ ಹೆಸರು ಹೇಳುವುದಿಲ್ಲ. ಕಲ್ಯಾಣದಿಂದ ಎಸ್‌ಟಿ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಮಳೆ ನಿಂತ ಮೇಲಿನ ಮೊದಲ ಭಾನುವಾರ. ಮೂರು ಮಹಡಿ ಎತ್ತರದ ಬಂಡೆ, ಅದಕ್ಕೆ ಓರೆಯಾಗಿ ಹೊಡೆದ ಗೂಟಗಳ ಸಾಲು. ಮಗಳು ಹೊರಟಳು. ಬಡಿದಳು, ಟಣ್. "ಸರಿ ಉಂಟು, ಹತ್ತು." ಟಣ್. "ಸರಿ ಉಂಟು, ಹತ್ತು." ಹೀಗೆ ಐದು ಗೂಟ ಆಯಿತು. ಆರನೆಯದನ್ನು ಬಡಿಯುವ ಹೊತ್ತಿಗೆ ನನ್ನ ಬೂಟಿನ ದಾರ ಬಿಚ್ಚಿತ್ತೆಂದು ನಾನು ಬಗ್ಗಿದೆ. ದಬ್. ಬಗ್ಗಿದ್ದಂತೆಯೇ ಕೇಳಿಸಿತು. ಶ್ರುತಿ ಬಿಟ್ಟ ಸ್ವರ ಕೇಳಲು ನನಗೆ ತಲೆಯೆತ್ತಬೇಕಾಗಿಲ್ಲ. ಇನ್ನು ಭಾವ ಇಳಿ ಎನ್ನುತ್ತಾರೆ ಎಂದುಕೊಂಡೆ. "ಸರಿ ಉಂಟು, ಹತ್ತು" ಎಂದರು ಭಾವ.

ನನಗೇ ತಪ್ಪಾಗಿ ಕೇಳಿಸಿತೇ? ಮೂವತ್ತು ವರ್ಷ ಕಬ್ಬಿಣ ಕೇಳಿದವರು ಅವರು, ಸರಿಗಮ ಹೇಳಿಕೊಡುವವಳು ನಾನು. ಇಪ್ಪತ್ತು ಜನರೆದುರು ಭಾವನ ಮಾತಿಗೆ ಎದುರಾಡುವುದೇ? ನಾಚಿಕೆಯಿಂದ ಹೇಳುತ್ತೇನೆ, ಮಗಳು ನೇತಾಡುತ್ತಿದ್ದ ಆ ಗಳಿಗೆಯಲ್ಲೂ ನಾನು ಮರ್ಯಾದೆಯ ಲೆಕ್ಕ ಹಾಕಿದೆ. ಅವಳು ಆರನೆಯ ಗೂಟಕ್ಕೆ ಕೊಕ್ಕೆ ಸಿಕ್ಕಿಸಿ ಕಾಲೆತ್ತಿದಳು.

"ನಿಲ್ಲೇ!" ಎಂದು ಕಿರುಚಿದೆ.

ಮಗಳು ಕಾಲು ಕೆಳಗಿಟ್ಟಳು. ಎಲ್ಲರೂ ನನ್ನನ್ನೇ ನೋಡಿದರು. "ಎಂತ ಆಯ್ತು?" ಎಂದರು ಭಾವ.

"ಭಾವ, ಅದು ಸರಿ ಇಲ್ಲ. ದಬ್ ಅಂತು."

ಹಿಂದಿನಿಂದ ಹುಬ್ಬಳ್ಳಿಯವರು, "ಅಂಜಬ್ಯಾಡ್ರಿ ತಂಗಿ. ಕಾಕಾ ಹೇಳ್ಯಾರಲ್ಲ, ಸರಿ ಐತಿ ಅಂತ" ಎಂದರು.

ಭಾವ ಗೂಟವನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಮೇಲೆ ನೋಡಿ, "ಮಗಾ, ಕೊಕ್ಕೆ ಕೆಳಗಿನ ಗೂಟಕ್ಕೆ ಹಾಕು. ಅದನ್ನು ಕೈಯಲ್ಲಿ ತಿರುಗಿಸಿ ನೋಡು" ಎಂದರು. ಅವಳು ಹಿಡಿದು ತಿರುಗಿಸಿದಳು. ತುಕ್ಕಿನ ಪುಡಿ ನಮ್ಮ ತಲೆಯ ಮೇಲೆ ಉದುರಿತು. "ದೊಡ್ಡಪ್ಪಾ, ಹಲತೋಯ ಹಾ!" ಎಂದಳು. ಅಲುಗಾಡುತ್ತಿದೆ ಎಂದು ಅರ್ಥ. ಅರ್ಥ ಯಾರಿಗೂ ಹೇಳಬೇಕಾಗಿರಲಿಲ್ಲ, ಗೂಟ ಅರ್ಧ ಅವಳ ಕೈಗೇ ಬಂದಿತ್ತು.

"ಇಳಿ" ಎಂದರು ಭಾವ. ಎಲ್ಲರೂ ಹಿಂದಿರುಗಿದೆವು. ಕೆಳಗಿನ ಗೂಟಕ್ಕೆ ಒಂದು ಕೊಕ್ಕೆ ಇದ್ದೇ ಇತ್ತು, ಹಗ್ಗವೂ ಇತ್ತು, ಬಿದ್ದಿದ್ದರೂ ಜೀವಕ್ಕೆ ಅಪಾಯ ಇರುತ್ತಿರಲಿಲ್ಲ ಆಂಟಿ ಎಂದು ಸಾನಪಾಡಾದ ಹುಡುಗ ದಾರಿಯುದ್ದಕ್ಕೂ ಸಮಾಧಾನ ಹೇಳಿದ. ಬಂಡೆಗೆ ಅಪ್ಪಳಿಸಿಕೊಂಡ ಮಗಳು ಜೀವಂತ ಇರುತ್ತಾಳೆ ಎನ್ನುವುದು ಯಾವ ತಾಯಿಗೆ ಸಮಾಧಾನ?

ಊರಿನ ಚಹಾದಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಉಳಿದವರು ವಡಾಪಾವ್‌ಗೆ ಮುತ್ತಿದ್ದರು. ಭಾವ ನನ್ನ ಪಕ್ಕ ಬಂದು ಕೂತರು. "ಒಂದೂವರೆ ವರ್ಷ ಆಯ್ತು" ಎಂದರು. "ದಪ್ಪ ಸದ್ದು ಕೇಳ್ತದೆ, ಮಾತು ಕೇಳ್ತದೆ. ಎತ್ತರದ್ದು ಹೋಯ್ತು. ಟಣ್ ಅನ್ನುದು ಹೋಯ್ತು. ಒಳ್ಳೆ ಗೂಟ, ಕೆಟ್ಟ ಗೂಟ ಎರಡೂ ನನಗೆ ಒಂದೇ."

"ಮತ್ತೆ ಇಷ್ಟು ದಿನ ಹೇಗೆ ಹೇಳ್ತಿದ್ರಿ, ಸರಿ ಉಂಟು, ಸರಿ ಉಂಟು ಅಂತ?"

"ನಿನ್ನ ಹುಬ್ಬು ನೋಡಿ" ಎಂದರು. "ಮಕ್ಕಳು ಶ್ರುತಿ ಬಿಟ್ಟರೆ ನಿನ್ನ ಎಡದ ಹುಬ್ಬು ಗಂಟಾಗ್ತದೆ. ನಿನಗೆ ಗೊತ್ತಿಲ್ಲ. ನಾನು ನೋಡಿದ್ದೇನೆ. ಗೂಟಕ್ಕೂ ಹಾಗೇ ಆಗ್ತದೆ. ಇವತ್ತು ನೀನು ಬಗ್ಗಿದೆ, ಮುಖ ಕಾಣಲಿಲ್ಲ. ಅಭ್ಯಾಸಕ್ಕೆ ಸರಿ ಉಂಟು ಅಂದೆ."

ನಾನು ಅತ್ತೆನೇ? ಇಲ್ಲ, ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಮಗಳನ್ನ ನನ್ನ ಹುಬ್ಬಿನ ಮೇಲೆ ಹತ್ತಿಸಿದ್ರಾ ಭಾವ? ನನಗೆ ಒಂದು ಮಾತು ಹೇಳದೆ?" ಎಂದು ಚಹಾದ ಲೋಟ ಕುಕ್ಕಿ ಎದ್ದುಹೋದೆ. ಒಂದೇ ಮನೆಯಲ್ಲಿದ್ದುಕೊಂಡು ಹದಿನೈದು ದಿನ ಮಾತಾಡಲಿಲ್ಲ. ಅವರಿಗೆ ಕಾಫಿ ಕೊಡಬೇಕಾದರೂ ಅಕ್ಕನ ಕೈಯಲ್ಲಿ ಕಳಿಸಿದೆ.

ಕೊನೆಗೆ ಅಕ್ಕನೆದುರು ಎಲ್ಲವನ್ನೂ ಕಕ್ಕಿದೆ. ಅಕ್ಕನಿಗೆ ಆಶ್ಚರ್ಯವೇ ಆಗಲಿಲ್ಲ. "ಕಿವಿ ಹೋದದ್ದು ನನಗೆ ಗೊತ್ತಿಲ್ವಾ? ಮೂವತ್ತು ವರ್ಷ ನಾನು ಎಂತ ಹೇಳಿದರೂ 'ಅಲ್ಲ' ಅಂತಿದ್ದ ಜನ, ಈಗ ಎಲ್ಲದಕ್ಕೂ 'ಹೂಂ' ಅಂತಾರೆ. ಅವತ್ತೇ ಅಂದ್ಕೊಂಡೆ, ಇವರಿಗೆ ಕಿವಿ ಹೋಗಿರಬೇಕು, ಇಲ್ಲದಿದ್ದರೆ ಬುದ್ಧಿ ಬಂದಿರಬೇಕು ಅಂತ. ಬುದ್ಧಿ ಬರ್ಲಿಕ್ಕೆ ಸಾಧ್ಯ ಇಲ್ಲ!" ನಗುತ್ತಲೇ ಹೇಳಿದವರು ಸೆರಗಿನಿಂದ ಕೈ ಒರೆಸಿಕೊಂಡು ತಣ್ಣಗೆ ಇನ್ನೊಂದು ಮಾತು ಹೇಳಿದರು. "ಮಾವನಿಗೂ ಅರವತ್ತಕ್ಕೆ ಹೀಗೇ ಆದದ್ದು. ಅವರು ಬಾಯಿಬಿಟ್ಟು ಹೇಳಿದರು, ನನಗೆ ಕೇಳುದಿಲ್ಲ ಅಂತ. ಹೇಳಿದ ಮೇಲೆ ಮನೆಯಲ್ಲಿ ಯಾರೂ ಅವರ ಹತ್ರ ಎಂತದ್ದೂ ಕೇಳ್ತಿರ್ಲಿಲ್ಲ. ಅನ್ನ ಬೇಕಾ ಅಂತ ಕೂಡ ಕೈಸನ್ನೆ. ಇವರು ಅದನ್ನು ನೋಡಿದ್ದಾರೆ."

ಆ ಮಾತು ನನ್ನನ್ನು ಹಿಡಿದುಕೊಂಡಿತು. ಭಾವ ಮಾಡಿದ್ದು ತಪ್ಪು. ಇಂದಿಗೂ ತಪ್ಪೆಂದೇ ಹೇಳುತ್ತೇನೆ. ಆದರೆ ನಾವು ಮಾಡುವುದೇನು? ಒಬ್ಬರಿಗೆ ಕಣ್ಣು ಮಂದವಾಯಿತೆಂದರೆ ಓದಿ ಹೇಳುತ್ತೇವೆ, ಮಂಡಿ ಹೋಯಿತೆಂದರೆ ಕೈ ಹಿಡಿಯುತ್ತೇವೆ. ಕಿವಿ ಹೋಯಿತೆಂದರೆ ಮಾತ್ರ ಮಾತನ್ನೇ ನಿಲ್ಲಿಸುತ್ತೇವೆ. ಎರಡು ಸಲ ಹೇಳುವ ತಾಳ್ಮೆ ಯಾರಿಗಿದೆ? ಊರೆಲ್ಲ "ಕಾಕಾ, ಇದು ಹೇಗಿದೆ?" "ಅಂಕಲ್, ಹತ್ತಬಹುದಾ?" ಎಂದು ಕೇಳುತ್ತಿದ್ದ ಮನುಷ್ಯನನ್ನು ಯಾರೂ ಏನೂ ಕೇಳದೆ ಹೋದರೆ ಅವರ ಕೈಯಲ್ಲಿ ಉಳಿಯುವುದೇನು? ಹದಿನಾರನೆಯ ದಿನ ಕಾಫಿಯನ್ನು ನಾನೇ ತೆಗೆದುಕೊಂಡು ಹೋದೆ. ಆದರೆ ಒಂದು ಕರಾರು ಹಾಕಿದೆ. "ತಂಡಕ್ಕೆ ನೀವೇ ಹೇಳ್ಬೇಕು. ಹೇಳೋವರೆಗೆ ನನ್ನ ಮಗಳು ಬೆಟ್ಟಕ್ಕೆ ಬರಲ್ಲ."

ಭಾವ ಮೊದಲು ಡಾಕ್ಟರ ಹತ್ತಿರ ಹೋದರು. ಕಿವಿಗೆ ಮಿಶಿನ್ ಬಂತು. ಡಾಕ್ಟರು ಅದನ್ನು ಕಿವಿಗೆ ಹಾಕುವ ಮೊದಲೇ ಭಾವ ಮೇಜಿಗೆ ಬಡಿದು ನೋಡಿದರಂತೆ! ಮನೆಗೆ ಬಂದು ಕಿಟಕಿಯ ಸರಳು, ನಲ್ಲಿ, ತಾಟು ಎಲ್ಲವನ್ನೂ ಬಡಿದರು. "ಮಾತಿಗೆ ಒಳ್ಳೆದುಂಟು. ಕಬ್ಬಿಣಕ್ಕೆ ಪ್ರಯೋಜನ ಇಲ್ಲ. ಒಳ್ಳೆ ಕಬ್ಬಿಣ, ಕೆಟ್ಟ ಕಬ್ಬಿಣ, ನಿನ್ನ ಅಕ್ಕ, ಮೂರೂ ಒಂದೇ ಹಾಗೆ 'ಚಣ್' ಅಂತದೆ" ಎಂದರು. ಅಕ್ಕ ಅಡುಗೆಮನೆಯಿಂದ, "ಈಗ ಕೇಳ್ತದಲ್ಲ, ಇನ್ನು ನಾನು ಎಲ್ಲ ಹೇಳ್ತೇನೆ ಇರಿ!" ಎಂದು ಕೂಗಿದರು.

ಮುಂದಿನ ಭಾನುವಾರ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಇಪ್ಪತ್ತು ಜನರ ನಡುವೆ ನಿಂತು ಭಾವ ಹೇಳಿಬಿಟ್ಟರು. "ನನಗೆ ಕಬ್ಬಿಣ ಕೇಳುದಿಲ್ಲ. ಒಂದೂವರೆ ವರ್ಷದಿಂದ ಕೇಳುದಿಲ್ಲ. ನಿಮಗೆ ಹೇಳದೆ ಇದ್ದದ್ದು ತಪ್ಪು." ಇಷ್ಟೇ. ಕಸಾರಾ ಲೋಕಲ್ ಬಂದು ನಿಂತು ಹೋಯಿತು, ಯಾರೂ ಹತ್ತಲಿಲ್ಲ. ಕೆಲವರಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಇಬ್ಬರು ಅವತ್ತೇ ಮನೆಗೆ ತಿರುಗಿದರು, ಮತ್ತೆ ಬರಲಿಲ್ಲ. ಸಾನಪಾಡಾದ ಹುಡುಗ, ಗೂಟವನ್ನು ಎಳೆದು ಅಳೆಯುವ ಮಿಶಿನ್ ಬರುತ್ತದೆ, ತರಿಸೋಣ ಎಂದ. "ತರಿಸು. ಮೊದಲೇ ತರಿಸಬೇಕಿತ್ತು" ಎಂದರು ಭಾವ. ಹುಬ್ಬಳ್ಳಿಯವರು ಗಡ್ಡ ಕೆರೆದುಕೊಂಡು, "ಮಿಶಿನ್ ಎಳೀಲಿ. ಆದ್ರ ಬಡದು ಕೇಳೋದು ಬಿಡಬಾರದು. ಇನ್ನ ಮ್ಯಾಲ ತಂಗಿ ಕೇಳ್ಲಿ" ಎಂದು ನನ್ನತ್ತ ನೋಡಿದರು.

ನಾನು ಆಗುವುದಿಲ್ಲ ಎಂದೆ. ನನ್ನ ಬಳಿ ಮಗು ಸ್ವರ ತಪ್ಪಿದರೆ ಮತ್ತೊಮ್ಮೆ ಹಾಡಿಸಬಹುದು. ಇಲ್ಲಿ ಮತ್ತೊಮ್ಮೆ ಎನ್ನುವ ಮಾತೇ ಇಲ್ಲ. ಭಾವ ಒತ್ತಾಯ ಮಾಡಲಿಲ್ಲ. ರೈಲಿನಲ್ಲಿ ನನ್ನೆದುರು ಕೂತು, "ಮೂವತ್ತು ವರ್ಷ ದಿನಾ ಹೆದರಿಕೊಂಡೇ ಕೇಳಿದ್ದು ನಾನು. ಹೆದರಿಕೆ ಇದ್ದರೇ ಕಿವಿ ಸರಿ ಇರುದು" ಎಂದರು. ಇದನ್ನು ಅವರು ಮೊದಲು ಯಾರಿಗೂ ಹೇಳಿರಲಿಲ್ಲ. ಅಷ್ಟು ವರ್ಷ ಅವರನ್ನು ಹೆದರಿಕೆಯೇ ಇಲ್ಲದ ಹುಂಬನೆಂದು ನಗುತ್ತ ಬಂದಿದ್ದೆನಲ್ಲ, ನನಗೆ ನಾಚಿಕೆಯಾಯಿತು. ಒಪ್ಪಿಕೊಂಡೆ.

ಆ ಕೋಟೆಗೆ ಮತ್ತೆ ಹೋದದ್ದು ಮರುವರ್ಷ. ಅಷ್ಟರಲ್ಲಿ ಬೆಟ್ಟದ ಬುಡದ ಊರಿನ ಹುಡುಗರೂ ನಮ್ಮ ತಂಡವೂ ಸೇರಿ ಹೊಸ ಗೂಟಗಳನ್ನು ಹೊಡೆದಿದ್ದೆವು, ಎಳೆಯುವ ಮಿಶಿನ್ನೂ ಪಾಸು ಮಾಡಿತ್ತು. ಆದರೂ ಮಗಳು ಬಡಿದಳು. ಹಗ್ಗ ಭಾವನ ಕೈಯಲ್ಲಿ, ಪಕ್ಕದಲ್ಲಿ ನಾನು. ನಾನು ಕೇಳಿ ಮೆಲ್ಲಗೆ "ಸರಿ" ಎನ್ನುತ್ತಿದ್ದೆ, ಭಾವ ದೊಡ್ಡ ದನಿಯಲ್ಲಿ "ಸರಿ ಉಂಟು, ಹತ್ತು" ಎನ್ನುತ್ತಿದ್ದರು. ಆ ಮಾತು ಅವರ ಬಾಯಿಂದಲೇ ಬರಬೇಕೆಂದು ತಂಡವೇ ತೀರ್ಮಾನ ಮಾಡಿತ್ತು. ಒಂದೊಂದು ಗೂಟಕ್ಕೂ ನನ್ನ ಅಂಗೈ ಬೆವರುತ್ತಿತ್ತು. ಮಗಳು ಕೊನೆಯ ಗೂಟ ದಾಟಿ, ತುದಿ ಮುಟ್ಟಿ, ಹಗ್ಗ ಕಟ್ಟಿದಳು.

ಮೇಲಿನಿಂದ ಅವಳು ಕೂಗಿದಳು. ಭಾವ ಮೇಲೆ ನೋಡುವ ಬದಲು ನನ್ನ ಮುಖ ನೋಡಿದರು.

"ಕರೆದಳಾ?"

"ಹೂಂ. ದೊಡ್ಡಪ್ಪ ಅಂತ ಕರೆದಳು."

"ಅವಳದ್ದು ತೆಳು ದನಿ. ಅದು ಕೇಳದೆ ಬಹಳ ದಿನ ಆಯ್ತು. ಮಿಶಿನ್ನಿನಲ್ಲಿ ಯಾರದ್ದೋ ದನಿ ಹಾಗೆ ಬರ್ತದೆ." ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಕೇಳಿದರು. "ಚಿಕ್ಕದಿರುವಾಗಿನ ಹಾಗೇ ಉಂಟಾ? ಈಗ ದೊಡ್ಡವಳಾದಳು. ಹೇಗೆ ಕರೀತಾಳೆ ಈಗ?"

ಹಿಂದೆ ಹದಿನೆಂಟು ಜನ ಹತ್ತಲು ಸಾಲಾಗಿ ನಿಂತಿದ್ದರು, ಯಾರೂ ಬೇಗ ಎನ್ನಲಿಲ್ಲ. ಮಿಶಿನ್ ತೆಗೆದು ಅಂಗೈಯಲ್ಲಿಟ್ಟುಕೊಳ್ಳುವಂತೆ ಭಾವನಿಗೆ ಸನ್ನೆ ಮಾಡಿದೆ. ಅವರ ಕಿವಿಯ ಹತ್ತಿರ ಬಾಯಿಟ್ಟು, ಮಗಳು ಕರೆದಂತೆಯೇ, ಕೊನೆಯ ಅಕ್ಷರವನ್ನು ಅವಳಂತೆಯೇ ಎಳೆದು, ಆದರೆ ಅವರಿಗೆ ಕೇಳುವಷ್ಟು ಕೆಳಗಿನ ಸ್ಥಾಯಿಗೆ ಇಳಿಸಿ, "ದೊಡ್ಡಪ್ಪಾ" ಎಂದು ಕರೆದೆ.

ಅವರು ತಲೆಯೆತ್ತಿ ಬಂಡೆಯ ತುದಿ ನೋಡಿದರು. "ಬಂದೆ ಮಗಾ" ಎಂದು ಕೂಗಿದರು.